ಇಸವಿ ಆಮೇಲೆ ನೋಡಿ, ಮೊದಲು ಆನೆ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಭಾಗ ಕೇಳುವುದು ಒಂದೇ: ‘ನನ್ನ ಹತ್ತಿರ ಇರುವ ಹಳೆ ನಾಣ್ಯ ಅಸಲಿಯೋ, ನಕಲಿಯೋ?’ ಫೋಟೊ ನೋಡಿ ‘ಇದು ನಕಲಿ’ ಎಂದು ಎಷ್ಟೋ ಸಲ ಹೇಳಿಬಿಡಬಹುದು. ‘ಇದು ಅಸಲಿ’ ಎಂದು ಹೇಳಲು ಫೋಟೊ ಸಾಲದು. ತೂಕ ಬೇಕು, ಅಂಚು ಕಾಣಬೇಕು, ಎರಡೂ ಮುಖ ಕಾಣಬೇಕು. ಮುಂದೆ ಬರೆಯುವವರು ಇಷ್ಟನ್ನಾದರೂ ಕಳಿಸಿ.

ನಾನು ಪತ್ತಾರರ ಮನೆಯಲ್ಲಿ ಬೆಳೆದವಳು. ಅಂಗಡಿಗೆ ಯಾವ ಒಡವೆ ಬಂದರೂ ನಮ್ಮಪ್ಪ ಮೊದಲು ಅದರ ಹಿಂಬದಿ, ಕೊಂಡಿ, ಬೆಸುಗೆ ನೋಡುತ್ತಿದ್ದರು. ಮೋಸ ಮಾಡುವವನು ತನ್ನ ಶ್ರಮವನ್ನೆಲ್ಲ ಎದುರಿಗೆ ಕಾಣುವ ಕಡೆಗೇ ಸುರಿದಿರುತ್ತಾನೆ ಎನ್ನುವುದು ಅವರ ಲೆಕ್ಕ. ನಾಣ್ಯ ನೋಡುವಾಗ ನಾನೂ ಹಾಗೇ ಮಾಡುತ್ತೇನೆ. ಯಾವ ಗುರುತಿನಿಂದ ಬೆಲೆ ಬರುತ್ತದೋ ಅದನ್ನು ಕೊನೆಗೆ ನೋಡುತ್ತೇನೆ. ಕೆಳಗಿನ ಉತ್ತರಗಳಲ್ಲೆಲ್ಲ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಮೇಡಂ, ಬೆಂಗಳೂರಿನ ಸಂಡೇ ಬಜಾರಿನಲ್ಲಿ ಒಬ್ಬರು ಐದನೇ ಜಾರ್ಜ್ ದೊರೆಯ 1911ರ ಬೆಳ್ಳಿ ರೂಪಾಯಿ ತೋರಿಸಿದರು. ‘ಇದು ಹಂದಿ ರೂಪಾಯಿ, ಸಿಗೋದೇ ಅಪರೂಪ’ ಎಂದು ಜಾಸ್ತಿ ಬೆಲೆ ಹೇಳುತ್ತಿದ್ದಾರೆ. ಇಸವಿ ಸ್ಪಷ್ಟವಾಗಿದೆ. ಕೊಳ್ಳಬಹುದಾ? — ತುಮಕೂರಿನ ಓದುಗರು

ಇಸವಿ ಸ್ಪಷ್ಟವಾಗಿದೆ ಎಂದಿದ್ದೀರಿ. ಆನೆ ಹೇಗಿದೆ ಎಂದು ಬರೆದಿಲ್ಲ. ಇಲ್ಲಿ ನೋಡಬೇಕಾದದ್ದು ಆನೆಯನ್ನು.

ಈ ನಾಣ್ಯದ ಕಥೆ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. 1911ರಲ್ಲಿ ಐದನೇ ಜಾರ್ಜ್ ಹೆಸರಿನ ಮೊದಲ ರೂಪಾಯಿ ಬಂತು. ದೊರೆಯ ಚಿತ್ರ ಮಾಡಿದವರು ಶಿಲ್ಪಿ ಬರ್ಟ್ರಾಮ್ ಮೆಕೆನಲ್. ದೊರೆಯ ನಿಲುವಂಗಿಯ ಮೇಲಿನ ಸರದಲ್ಲಿ ಒಂದು ಪುಟ್ಟ ಆನೆ ಇದೆ. ‘ಆರ್ಡರ್ ಆಫ್ ದಿ ಇಂಡಿಯನ್ ಎಂಪೈರ್’ ಎಂಬ ಗೌರವದ ಸರ ಅದು. ಆ ಆನೆಯ ಸೊಂಡಿಲು ಮೋಟಾಗಿ ಬಿತ್ತು. ಜನರ ಕಣ್ಣಿಗೆ ಅದು ಹಂದಿಯಾಗಿ ಕಂಡಿತು. ದೊರೆಯ ಎದೆಯ ಮೇಲೆ ಹಂದಿ ಕೂರಿಸಿದ್ದಾರೆ ಎಂದು ಗುಲ್ಲೆದ್ದಿತು, ಮುಸ್ಲಿಮರಿಗೆ ಬೇಸರವಾಯಿತು. ಸರ್ಕಾರ ನಾಣ್ಯವನ್ನು ವಾಪಸು ತೆಗೆದುಕೊಂಡಿತು. ಸುಮಾರು 94 ಲಕ್ಷ ಅಚ್ಚಾಗಿದ್ದವು, ಜನರ ಕೈ ಸೇರಿದ್ದು ಸುಮಾರು 7 ಲಕ್ಷ, ಉಳಿದವು ಕರಗಿಹೋದವು ಎನ್ನುತ್ತಾರೆ. 1912ರಿಂದ ಆನೆಯನ್ನು ತಿದ್ದಿ ಅಚ್ಚು ಹಾಕಿದರು. ಕಿವಿ ದೊಡ್ಡದಾಯಿತು, ಸೊಂಡಿಲು ಉದ್ದವಾಯಿತು. ಈಗ ಯಾರು ನೋಡಿದರೂ ಆನೆ ಎಂದೇ ಹೇಳುವ ಹಾಗಾಯಿತು.

ಮೋಸ ನಡೆಯುವುದು ಇಲ್ಲೇ. 1914 ಅಥವಾ 1917ರ ಸಾಮಾನ್ಯ ರೂಪಾಯಿ ತೆಗೆದುಕೊಂಡು, ಕೊನೆಯ ಅಂಕಿಯನ್ನು ಕೆರೆದು, ತೀಡಿ 1 ಮಾಡಿಬಿಡುತ್ತಾರೆ. ಬೆಳ್ಳಿ ಅಸಲಿ, ತೂಕ ಸರಿ, ಅಂಚು ಸರಿ. ಇಸವಿಯೂ ನೋಡಲು ಸರಿ. ಆದರೆ ನಾಣ್ಯವನ್ನು ತಿರುಗಿಸಿ ದೊರೆಯ ಮುಖದ ಕಡೆ ನೋಡಿದರೆ ನಿಲುವಂಗಿಯ ಮೇಲೆ ಉದ್ದ ಸೊಂಡಿಲಿನ ಆನೆ ನಿಂತಿರುತ್ತದೆ. 1911 ಎಂದು ಬರೆದ ನಾಣ್ಯದಲ್ಲಿ ಚೆಂದದ ಆನೆ ಇದ್ದರೆ ಅಲ್ಲಿಗೇ ಮಾತು ಮುಗಿಯಿತು, ಕೆಳಗಿಟ್ಟು ಬನ್ನಿ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಒಯ್ಯಿರಿ. ನಾಣ್ಯವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಆನೆ ಸವೆದು ಮುದ್ದೆಯಾಗಿದ್ದರೆ ಯಾರೂ ಏನೂ ಹೇಳಲಾಗದು. ಅಂಥದ್ದಕ್ಕೆ ಬೆಳ್ಳಿಯ ಬೆಲೆಗಿಂತ ಜಾಸ್ತಿ ಕೊಡಬೇಡಿ. ಆನೆಯ ಸೊಂಡಿಲು ಮೋಟಾಗಿಯೇ ಇದ್ದರೆ ಆಮೇಲೆ ಇಸವಿಗೆ ಬನ್ನಿ. ಮೂರು 1ಗಳಿವೆ ಅಲ್ವಾ? ಮೂರೂ ಒಂದೇ ದಪ್ಪ, ಒಂದೇ ಎತ್ತರ, ಒಂದೇ ನಿಲುವಿನಲ್ಲಿ ಇರಬೇಕು. ಹಿಂಬದಿಯ ಕೆಳಗಿನ ಕಮಲದ ಅಡಿಯಲ್ಲಿ ಸಣ್ಣ ಚುಕ್ಕೆ ಇದ್ದರೆ ಮುಂಬೈ ಟಂಕಸಾಲೆಯದ್ದು, ಇಲ್ಲದಿದ್ದರೆ ಕಲ್ಕತ್ತದ್ದು. ಎರಡೂ ಕಡೆ 1911ರದ್ದು ಅಚ್ಚಾಗಿದೆ, ಆದ್ದರಿಂದ ಚುಕ್ಕೆಯ ಬಗ್ಗೆ ಚಿಂತೆ ಬೇಡ.

ಇನ್ನೊಂದು ಮಾತು. ಆ ವರ್ಷದ ಎಂಟಾಣೆ, ಪಾವಲಿಗಳಲ್ಲೂ ಇದೇ ಮೋಟು ಸೊಂಡಿಲಿನ ಆನೆ ಇದೆ. ರೂಪಾಯಿಯ ಹಿಂದೆ ಓಡುವವರು ಅವನ್ನು ಮರೆಯುತ್ತಾರೆ. ಹುಡುಕಿ.

ಅಕ್ಕಾ, ನನ್ನ ಒಂದು ರೂಪಾಯಿ ನಾಣ್ಯದ ಇಸವಿ ಕೆಳಗೆ ನಕ್ಷತ್ರ ಇದೆ. ಇದಕ್ಕೆ ಐದು ಲಕ್ಷ ಸಿಗುತ್ತದೆ ಎಂದು ವಾಟ್ಸಾಪಿನಲ್ಲಿ ಬಂತು. ಅಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ಮೊದಲು ನೋಂದಣಿಗೆ ದುಡ್ಡು ಹಾಕಿ ಎನ್ನುತ್ತಾರೆ. — ಹಾವೇರಿಯ ಪಿಯುಸಿ ವಿದ್ಯಾರ್ಥಿನಿ

ಒಂದು ಪೈಸೆಯನ್ನೂ ಹಾಕಬೇಡಮ್ಮಾ. ನಕ್ಷತ್ರ ಎಂದರೆ ಹೈದರಾಬಾದ್ ಟಂಕಸಾಲೆ. ವಜ್ರದಾಕಾರ ಇದ್ದರೆ ಮುಂಬೈ, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಇವು ಎಲ್ಲಿ ಅಚ್ಚಾಯಿತು ಎಂದು ಹೇಳುವ ಗುರುತುಗಳು, ಅಷ್ಟೇ. ಹಳೆ ನೋಟು, ನಾಣ್ಯ ಕೊಳ್ಳುತ್ತೇವೆ ಎಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು ಕಮಿಷನ್, ತೆರಿಗೆ ಎಂದೆಲ್ಲ ದುಡ್ಡು ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಮನೆಯಲ್ಲಿ ಯಾರಾದರೂ ಈಗಾಗಲೇ ಹಣ ಹಾಕಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ.

ಆದರೂ ಗುರುತು ನೋಡುವ ಅಭ್ಯಾಸ ಬಿಡಬೇಡ. ಚಿಲ್ಲರೆ ಡಬ್ಬಿಯಲ್ಲಿ 1985ರ ಒಂದು ರೂಪಾಯಿ ಸಿಕ್ಕರೆ ಇಸವಿಯ ಕೆಳಗೆ ನೋಡು. ಇಂಗ್ಲಿಷಿನ ‘ಎಚ್’ ಅಕ್ಷರ ಇದ್ದರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹೀಟನ್ ಟಂಕಸಾಲೆ ಮಾಡಿಕೊಟ್ಟ ನಾಣ್ಯ. ಲಕ್ಷಗಟ್ಟಲೆ ಬರುವುದಿಲ್ಲ. ನಮ್ಮ ರೂಪಾಯಿ ಅಷ್ಟು ದೂರದಲ್ಲಿ ಅಚ್ಚಾಗಿ ಬಂತು ಎನ್ನುವುದೇ ಸಂಗ್ರಹಕ್ಕೆ ಒಂದು ಖುಷಿ.

ಆರನೇ ಜಾರ್ಜ್‌ನ 1939ರ ರೂಪಾಯಿ ಒಂದು ಕೈಗೆ ಬಂದಿದೆ. ಮನೆಯಲ್ಲೇ ಪರೀಕ್ಷೆ ಮಾಡುವ ದಾರಿ ಇದೆಯೇ? ಒರೆಗಲ್ಲಿಗೆ ಉಜ್ಜಲೇ? — ದಾವಣಗೆರೆಯ ನಿವೃತ್ತ ಶಿಕ್ಷಕರು

ದಯವಿಟ್ಟು ಉಜ್ಜಬೇಡಿ ಸರ್! ಒರೆಗಲ್ಲು ಒಡವೆಗೆ ಸರಿ. ನಾಣ್ಯದ ಅಂಚಿನಲ್ಲಿ ಒಂದು ಗೀರು ಬಿದ್ದರೂ ಅದರ ಬೆಲೆ ಇಳಿಯುತ್ತದೆ. ಗೀರಿಲ್ಲದೆ ಲೋಹ ತಿಳಿಯುವ ದಾರಿ ಇದೆ. ಅದಕ್ಕೆ ಒಂದು ಲೋಟ ನೀರು, ಒಂದು ದಾರ, ಗ್ರಾಂನ ನೂರನೇ ಒಂದು ಭಾಗದವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಸಾಕು.

ಮೊದಲು ನಾಣ್ಯವನ್ನು ತೂಗಿ. ಹಳೆಯ ಬೆಳ್ಳಿ ರೂಪಾಯಿ 11.66 ಗ್ರಾಂ ಇರಬೇಕು. ಸವೆದಿದ್ದರೆ ಸ್ವಲ್ಪ ಕಡಿಮೆ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳು ದಾರ ಕಟ್ಟಿ, ಕೈಯಲ್ಲಿ ದಾರ ಹಿಡಿದು, ನಾಣ್ಯವನ್ನು ಪೂರ್ತಿ ನೀರಿನೊಳಗೆ ಇಳಿಬಿಡಿ. ತಳಕ್ಕೆ ತಾಗಬಾರದು, ಗೋಡೆಗೆ ತಾಗಬಾರದು, ನಾಣ್ಯಕ್ಕೆ ಗುಳ್ಳೆ ಅಂಟಿರಬಾರದು. ಆಗ ತಕ್ಕಡಿಯಲ್ಲಿ ಒಂದು ಸಣ್ಣ ಅಂಕಿ ಬರುತ್ತದೆ. ನಾಣ್ಯ ಎಷ್ಟು ನೀರನ್ನು ಪಕ್ಕಕ್ಕೆ ತಳ್ಳಿತೋ ಅದರ ತೂಕ ಅದು. ಮೊದಲಿನ ತೂಕವನ್ನು ಈ ಅಂಕಿಯಿಂದ ಭಾಗಿಸಿ. ನೂರಕ್ಕೆ 91.7 ಭಾಗ ಬೆಳ್ಳಿ ಇರುವ ರೂಪಾಯಿಗೆ ಅಂಕಿ 1.13ರ ಹತ್ತಿರ ಬರುತ್ತದೆ, ಭಾಗಿಸಿದರೆ ಸುಮಾರು 10.3. ಬೆಳ್ಳಿಯ ಹಾಗೆ ಕಂಡರೂ ಬೆಳ್ಳಿಯೇ ಇಲ್ಲದ ಜರ್ಮನ್ ಸಿಲ್ವರ್ ಆಗಿದ್ದರೆ ಅಂಕಿ 1.3 ದಾಟುತ್ತದೆ, ಭಾಗಿಸಿದರೆ 9ಕ್ಕೂ ಕೆಳಗೆ ಬರುತ್ತದೆ. ಸವೆದ ನಾಣ್ಯಕ್ಕೂ ಈ ಲೆಕ್ಕ ಕೆಡುವುದಿಲ್ಲ. ತೂಕ ಕಡಿಮೆಯಾದರೆ ತಳ್ಳುವ ನೀರೂ ಅಷ್ಟೇ ಕಡಿಮೆಯಾಗುತ್ತದೆ. ಮುಗಿದ ಮೇಲೆ ಮೆತ್ತನೆಯ ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ, ಒರೆಸಬೇಡಿ.

ಹಾಲ್‌ಮಾರ್ಕ್ ಕೇಂದ್ರದ ಯಂತ್ರಕ್ಕಿಂತ ಈ ನೀರಿನ ಪರೀಕ್ಷೆಯ ಮೇಲೆ ನನಗೆ ಭರವಸೆ ಜಾಸ್ತಿ. ಆ ಯಂತ್ರ ಓದುವುದು ಮೇಲ್ಪದರವನ್ನು. ಒಳಗೆ ಬೇರೆ ಲೋಹವಿದ್ದು ಮೇಲೆ ದಪ್ಪ ಬೆಳ್ಳಿ ಹೊದಿಸಿದ್ದರೆ ಅದು ಬೆಳ್ಳಿ ಎಂದೇ ಹೇಳಬಹುದು. ನೀರು ಇಡೀ ನಾಣ್ಯವನ್ನು ಅಳೆಯುತ್ತದೆ.

ಈಗ ಕಷ್ಟದ ಭಾಗ. 1939ರದ್ದು ಆರನೇ ಜಾರ್ಜ್‌ನ ರೂಪಾಯಿಗಳಲ್ಲೇ ತುಂಬ ಅಪರೂಪದ್ದು. ಬೆಳ್ಳಿ ಅರ್ಧಕ್ಕಿಳಿದು, ಅಂಚಿಗೆ ಹೊಸ ಭದ್ರತಾ ಗೆರೆ ಬಂದದ್ದು 1940ರಿಂದ. ಆದ್ದರಿಂದ ನಲವತ್ತರ ದಶಕದ ರೂಪಾಯಿಯನ್ನು ತಿದ್ದಿ 1939 ಮಾಡಿದ್ದರೆ ಅಂಚು ನೋಡಿದರೇ ಗೊತ್ತಾಗುತ್ತದೆ. ನೀರಿನ ಪರೀಕ್ಷೆಯಲ್ಲೂ ಅದು 10.3 ಮುಟ್ಟುವುದಿಲ್ಲ, ಒಂಬತ್ತೂವರೆಯ ಹತ್ತಿರ ನಿಲ್ಲುತ್ತದೆ. ಆದರೆ 1938ರ ರೂಪಾಯಿಯ 8ನ್ನು ಕೆರೆದು 9 ಮಾಡಿದ್ದರೆ? ದೊರೆಯ ತಲೆ ಅದೇ, ಬೆಳ್ಳಿ ಅದೇ, ಅಂಚು ಅದೇ. ಹಂದಿ ರೂಪಾಯಿಯ ಹಾಗೆ ಸಾಕ್ಷಿ ಹೇಳಲು ಇಲ್ಲಿ ಬೇರೆ ಆನೆ ಇಲ್ಲ.

ಆದರೂ ಇಸವಿಯಲ್ಲೇ ಇನ್ನೊಂದು 9 ಇದೆ. ಭೂತಗನ್ನಡಿಯಲ್ಲಿ ಎರಡನ್ನೂ ಹೋಲಿಸಿ. ತಲೆಯ ಸುತ್ತು, ಬಾಲದ ಬಾಗು, ಬಾಲದ ತುದಿಯ ದಪ್ಪ ನೋಡಿ. ಆಮೇಲೆ ಕೊನೆಯ 9ರ ಎಡಗಡೆ ಕೆಳಗಿನ ಬಯಲು, ಅಂದರೆ ಚಿತ್ರ, ಅಕ್ಷರ ಇಲ್ಲದ ಖಾಲಿ ಜಾಗ ನೋಡಿ. 8ರ ಹೊಟ್ಟೆ ಕೆರೆದಿದ್ದರೆ ಅಲ್ಲಿ ಸಣ್ಣ ತಗ್ಗು, ಅರದ ಗೀರು ಅಥವಾ ಬೇರೆ ಥರದ ಹೊಳಪು ಇದ್ದೇ ಇರುತ್ತದೆ. ಸುತ್ತ ಬೂದು ಬಣ್ಣ, ಅಲ್ಲಿ ಮಾತ್ರ ಬಿಳುಪು ಎಂದರೆ ಅನುಮಾನ ಪಡಿ. ಇಷ್ಟೆಲ್ಲ ಸರಿ ಕಂಡರೂ ಈ ಇಸವಿಯ ವಿಷಯದಲ್ಲಿ ಮನೆಯ ಪರೀಕ್ಷೆಯೇ ಕೊನೆಯ ತೀರ್ಪು ಎಂದುಕೊಳ್ಳಬೇಡಿ. ಹರಾಜು ಮನೆಗಳಲ್ಲಿ ನಿತ್ಯ ಇವನ್ನು ನೋಡುವವರಿಗೆ ತೋರಿಸಿ. ಇದರಲ್ಲಿ ನಕಲಿಗಳು ಬಹಳ, ಅಸಲಿ ಬಹಳ ಕಡಿಮೆ.

ವಿಕ್ಟೋರಿಯಾ ರಾಣಿಯ 1862ರ ರೂಪಾಯಿ ಎಲ್ಲಿ ನೋಡಿದರೂ ಸಿಗುತ್ತದಲ್ಲ, ಒಂದೇ ವರ್ಷದಲ್ಲಿ ಅಷ್ಟೊಂದು ಅಚ್ಚು ಹಾಕಿದ್ದರೇ? — ಶಿವಮೊಗ್ಗ

ಇಲ್ಲ. 1862 ಎನ್ನುವ ಇಸವಿಯನ್ನು ಬದಲಿಸದೆ 1874ರವರೆಗೂ ಅದೇ ಅಚ್ಚು ನಡೆಯಿತು. ಯಾವ ವರ್ಷದ್ದು ಎಂದು ಗುರುತಿಸಲು ಮುಂಬೈಯವರು ಸಣ್ಣ ಚುಕ್ಕೆಗಳನ್ನು ಹಾಕುತ್ತಿದ್ದರು. ಹಾಗಾಗಿ ಹಿಂಬದಿಯಲ್ಲಿ ಚುಕ್ಕೆ ಎಣಿಸುವುದೇ ಈ ರೂಪಾಯಿಯ ಸಂಗ್ರಹ. ಉಬ್ಬು ಚುಕ್ಕೆಯನ್ನು ಹೊಸದಾಗಿ ಸೇರಿಸುವುದು ಕಷ್ಟ, ಇದ್ದದ್ದನ್ನು ಕೆರೆಯುವುದು ಸುಲಭ. ಆದ್ದರಿಂದ ಚುಕ್ಕೆ ಇರಬೇಕಾದ ಜಾಗ ಸುತ್ತಲಿನ ಬಯಲಿನಷ್ಟೇ ಸಮವಾಗಿದೆಯೇ ನೋಡಿ.

ಒಂದು ಕಡೆ ಸಿಂಹ ಉಬ್ಬಿದೆ, ಇನ್ನೊಂದು ಕಡೆ ಅದೇ ಸಿಂಹ ಉಲ್ಟಾ ಆಗಿ ಒಳಗೆ ಹೋಗಿದೆ. ವ್ಯಾಪಾರಿ ‘ಲಕ್ಕಿ’ ಎನ್ನುತ್ತಾರೆ. ನಂಬಬಹುದೇ? ಎರಡೂ ಕಡೆ ಒಂದೇ ಮುಖ ಇರುವ ನಾಣ್ಯವೂ ಅವರಲ್ಲಿದೆ. — ಹುಬ್ಬಳ್ಳಿ

ಲಕ್ಕಿ ಎಂದು ಕರೆಯುವ ಈ ಅಚ್ಚಿನ ತಪ್ಪು ನಿಜವಾಗಿಯೂ ಆಗುತ್ತದೆ. ಅಚ್ಚಾದ ನಾಣ್ಯ ಕೆಳಗೆ ಬೀಳದೆ ಒಂದು ಅಚ್ಚಿಗೆ ಅಂಟಿಕೊಂಡು ಉಳಿಯುತ್ತದೆ. ಅಷ್ಟರಲ್ಲಿ ಮುಂದಿನ ಬಿಲ್ಲೆ ಬಂದು ಬೀಳುತ್ತದೆ. ಆ ಬಿಲ್ಲೆಯ ಒಂದು ಮುಖಕ್ಕೆ ಅಚ್ಚಿನ ಬದಲು ಅಂಟಿದ ನಾಣ್ಯವೇ ಒತ್ತುತ್ತದೆ. ಅದಕ್ಕೇ ಅಲ್ಲಿ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ, ತಗ್ಗಾಗಿ ಬೀಳುತ್ತದೆ.

ನಕಲಿ ಲಕ್ಕಿ ಮಾಡುವವರು ಎರಡು ನಾಣ್ಯವನ್ನು ಸೇರಿಸಿ ವೈಸಿನಲ್ಲಿ ಬಿಗಿಯುತ್ತಾರೆ. ಆಗ ತಗ್ಗು ಸಿಂಹ ಬೀಳುತ್ತದೆ, ನಿಜ. ಆದರೆ ಆ ಮುಖದಲ್ಲಿ ಮೊದಲೇ ಇದ್ದ ಅಂಕಿ, ಅಕ್ಷರ ಎಲ್ಲಿ ಹೋಗಬೇಕು? ತಗ್ಗಿನ ಅಡಿಯಲ್ಲಿ ಚಪ್ಪಟೆಯಾಗಿ ಉಳಿದೇ ಇರುತ್ತವೆ. ಅಸಲಿಯಲ್ಲಿ ತಗ್ಗು ಸಿಂಹದ ಹಿಂದೆ ಬೇರೆ ಯಾವ ಚಿತ್ರದ ನೆರಳೂ ಇರುವುದಿಲ್ಲ, ಉಬ್ಬು ಸಿಂಹದ ಮುಖ ಚೂಪಾಗಿ ಇರುತ್ತದೆ. ನಕಲಿಯಲ್ಲಿ ಅದೂ ಜಜ್ಜಿದ ಹಾಗೆ ಕಾಣುತ್ತದೆ.

ಎರಡೂ ಕಡೆ ಒಂದೇ ಮುಖದ ನಾಣ್ಯ ಬೇಡವೇ ಬೇಡ. ಎರಡು ನಾಣ್ಯಗಳನ್ನು ಕೊರೆದು ಕೂಡಿಸಿದ ಮಾಲು ಅದು. ಅಂಚಿನ ಏಣಿನ ಒಳಗೋಡೆಯ ಉದ್ದಕ್ಕೂ ಭೂತಗನ್ನಡಿ ಹಿಡಿದರೆ ಕೂದಲೆಳೆಯಂಥ ಕೂಡು ಗೆರೆ ಸಿಗುತ್ತದೆ. ಕಲ್ಲಿನ ಮೇಲೆ ಬೀಳಿಸಿದರೆ ಸದ್ದೂ ಮಂದ.

ರಾಮ, ಸೀತೆ, ಹನುಮಂತ ಇರುವ ತಾಮ್ರದ ನಾಣ್ಯ. ಹಿಂದೆ ‘ಈಸ್ಟ್ ಇಂಡಿಯಾ ಕಂಪನಿ, 1818, ಒನ್ ಆಣಾ’ ಎಂದಿದೆ. ಅಕ್ಕಿ ಎಳೆಯುತ್ತದೆ ಎಂದು ತೋರಿಸಿದರು. ಕೋಟಿ ಬೆಲೆ ಎನ್ನುತ್ತಾರೆ. — ಕೊಪ್ಪಳ

ಇದು ನಾಣ್ಯವೇ ಅಲ್ಲ. ಕಂಪನಿ ಇಂಥದ್ದನ್ನು ಎಂದೂ ಅಚ್ಚು ಹಾಕಿಲ್ಲ. 1616, 1717, 1818 ಎಂದು ಇಸವಿಗಳನ್ನು ನೋಡಿ, ಅಂಕಿಗಳು ಜೋಡಿ ಜೋಡಿಯಾಗಿವೆ. ಯಾರೋ ಕೂತು ಕಟ್ಟಿದ ಇಸವಿಗಳಿವು. ಕಂಪನಿಯ ಏಕರೂಪದ ತಾಮ್ರ ಬೇಕೆಂದರೆ 1835ರ ಕಾಲಾಣೆ ನೋಡಿ. ಅದರಲ್ಲಿ ಎರಡು ಸಿಂಹಗಳು ಹಿಡಿದ ಕಂಪನಿಯ ಲಾಂಛನ ಇದೆ. ಕೈಗೆಟುಕುವ ಬೆಲೆಗೆ ಸಿಗುತ್ತದೆ.

ಅಕ್ಕಿ ಎಳೆಯುವ ಆಟದಲ್ಲಿ ಒಂದು ಕಡೆ ಅಯಸ್ಕಾಂತ, ಇನ್ನೊಂದು ಕಡೆ ಅಕ್ಕಿಯಲ್ಲಿ ಸೇರಿಸಿದ ಕಬ್ಬಿಣದ ಚೂರು ಇರುತ್ತದೆ. ‘ರೈಸ್ ಪುಲ್ಲಿಂಗ್’ ಎಂದು ಹೇಳಿ ನಮ್ಮ ರಾಜ್ಯದಲ್ಲಿ ಹೊಲ ಮನೆ ಕಳೆದುಕೊಂಡವರಿದ್ದಾರೆ. ‘ನಮ್ಮ ಮನೆಯ ಅಕ್ಕಿ ಹಾಕಿ ತೋರಿಸಿ’ ಎನ್ನಿ, ತೋರಿಸುವುದಿಲ್ಲ. ಆಮೇಲೆ ನೇರ ಪೊಲೀಸ್ ಠಾಣೆಗೆ ಹೋಗಿ.

ಹಳೆ ತಾಮ್ರ, ಬೆಳ್ಳಿ ನಾಣ್ಯಕ್ಕೆ ಹುಣಸೆಹಣ್ಣು ಹಚ್ಚಬಹುದೇ? — ಹಾಸನ

ಬೇಡ. ವಿಭೂತಿ, ಟೂತ್‌ಪೇಸ್ಟ್, ನಿಂಬೆಹಣ್ಣು ಕೂಡ ಬೇಡ. ಆ ಮಾಸಿದ ಬಣ್ಣವೇ ನಾಣ್ಯದ ವಯಸ್ಸಿಗೆ ಸಾಕ್ಷಿ. ಮೆತ್ತನೆಯ ಪಿವಿಸಿ ಹಾಳೆಯ ಆಲ್ಬಮ್ಮಿನಿಂದಲೂ ತೆಗೆದಿಡಿ. ಕೆಲವು ವರ್ಷದಲ್ಲಿ ಹಸಿರು ಅಂಟು ಬಿಡುತ್ತದೆ.

ವಿದೇಶದ ಕಂಪನಿಗೆ ಕಳಿಸಿ ಸರ್ಟಿಫಿಕೇಟ್ ಮಾಡಿಸಿದರೆ ಒಳ್ಳೆಯದೇ? — ಮಂಗಳೂರು

ಎನ್‌ಜಿಸಿ, ಪಿಸಿಜಿಎಸ್ ಎಂಬ ಎರಡು ಅಮೆರಿಕದ ಕಂಪನಿಗಳ ಮೊಹರಿಗೆ ಮಾರುಕಟ್ಟೆಯಲ್ಲಿ ಬೆಲೆ ಇದೆ. ಆದರೆ ನೂರು ವರ್ಷ ದಾಟಿದ ನಾಣ್ಯ ನಮ್ಮ 1972ರ ಕಾಯ್ದೆಯಲ್ಲಿ ಪುರಾತನ ವಸ್ತು. ಅನುಮತಿ ಇಲ್ಲದೆ ದೇಶದ ಹೊರಗೆ ಕಳಿಸುವಂತಿಲ್ಲ, ಅಂಚೆಯಲ್ಲೂ ಇಲ್ಲ. ಈ ಕಂಪನಿಗಳು ಪರೀಕ್ಷಿಸಿ ಮೊದಲೇ ಡಬ್ಬಿಯಲ್ಲಿ ಮುಚ್ಚಿದ ನಾಣ್ಯ ಕೊಳ್ಳುವಾಗ ಡಬ್ಬಿಯ ಮೇಲಿನ ನಂಬರನ್ನು ಆ ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿ. ಫೋಟೊ ಬಂದರೆ, ನಿಮ್ಮ ಕೈಯಲ್ಲಿರುವ ನಾಣ್ಯದ ಗೀರುಗಳು ಫೋಟೊದಲ್ಲೂ ಇವೆಯೇ ಎಂದು ಹೋಲಿಸಿ. ಡಬ್ಬಿಗೂ ನಕಲಿ ಬಂದಿದೆ.

ಟಿಪ್ಪುವಿನ ಆನೆ ಪೈಸೆಯಲ್ಲಿ ಇಸವಿ 5121 ಎಂದಿದೆ! ಅಂಕಿ ತಿರುಗಿ ಬಿದ್ದ ಅಪರೂಪದ ತಪ್ಪು ನಾಣ್ಯವೇ? ಜೊತೆಗೆ ಸಿಂಹ ಇರುವ ಒಂದು ಮೈಸೂರು ಕಾಸೂ ಇದೆ. — ಮಂಡ್ಯ

ತಪ್ಪಲ್ಲ, ಸರಿಯಾಗಿಯೇ ಇದೆ. ಟಿಪ್ಪು ಹಿಜರಿ ಲೆಕ್ಕ ಬಿಟ್ಟು ಮೌಲೂದಿ ಎಂಬ ಹೊಸ ಲೆಕ್ಕ ತಂದಾಗ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ನೀವು ಎಡದಿಂದ ಓದಿದ್ದೀರಿ. ಬಲದಿಂದ ಓದಿ, 1215 ಆಗುತ್ತದೆ, ಅಂದರೆ ಸುಮಾರು 1787. ಇದನ್ನು ತಿಳಿಯದೆ ‘ಉಲ್ಟಾ ಇಸವಿ’ ಎಂದು ದುಬಾರಿ ಬೆಲೆಗೆ ಮಾರುವವರಿದ್ದಾರೆ, ಕೊಳ್ಳುವವರೂ ಇದ್ದಾರೆ.

ಬೆಲೆ ಹೆಚ್ಚು ಕಡಿಮೆ ಆಗುವುದು ಟಂಕಸಾಲೆಯ ಮೇಲೆ. ಆನೆಯ ಹಿಂಬದಿಯಲ್ಲಿ ಫಾರಸಿಯಲ್ಲಿ ಊರಿನ ಹೆಸರಿರುತ್ತದೆ. ‘ಪಟ್ಟನ್’ ಎಂದರೆ ಶ್ರೀರಂಗಪಟ್ಟಣ, ಹೆಚ್ಚಾಗಿ ಸಿಗುವುದು ಅದೇ. ‘ನಗರ್’ ಎಂದರೆ ಬಿದನೂರು. ಚಿತ್ರದುರ್ಗಕ್ಕೆ ಫರ್ರುಖ್‌ಯಾಬ್ ಹಿಸಾರ್, ಗುತ್ತಿ ಎಂಬ ಊರಿಗೆ ಫೈಜ್ ಹಿಸಾರ್ ಎಂದು ಟಿಪ್ಪು ಹೊಸ ಹೆಸರು ಇಟ್ಟಿದ್ದ. ಪಟ್ಟಣದ ಪೈಸೆಯ ಅಕ್ಷರ ಕೆತ್ತಿ ಬೇರೆ ಊರು ಮಾಡುವುದು ಕಷ್ಟ. ಅದಕ್ಕೇ ಇಲ್ಲಿ ತಿದ್ದಿದ ನಾಣ್ಯಕ್ಕಿಂತ ಎರಕದ ನಾಣ್ಯ ಜಾಸ್ತಿ.

ಎರಕ ಮತ್ತು ಅಚ್ಚಿನ ವ್ಯತ್ಯಾಸ ನಮ್ಮ ಕಸುಬಿನವರಿಗೆ ಮುಟ್ಟಿದರೇ ಗೊತ್ತಾಗುತ್ತದೆ. ನಿಮಗೆ ಕಣ್ಣಿನಲ್ಲಿ ಕಾಣುವ ಗುರುತು ಹೇಳುತ್ತೇನೆ. ಎರಕದ ಬಯಲಿನಲ್ಲಿ ಸೂಜಿಮೊನೆಯಂಥ ಸಣ್ಣ ರಂಧ್ರಗಳಿರುತ್ತವೆ. ಆನೆಯ ಕಾಲು ಬಯಲಿಗೆ ಸೇರುವ ಕಡೆ ಮೂಲೆ ಚೂಪಾಗಿರದೆ ಕರಗಿದ ಹಾಗೆ ದುಂಡಗಿರುತ್ತದೆ. ಅಂಚಿನ ಸುತ್ತ ಎರಡು ಅಚ್ಚು ಕೂಡಿದ ಗೆರೆ, ಅಥವಾ ಆ ಗೆರೆಯನ್ನು ಅರದಿಂದ ತೀಡಿದ ಗುರುತು ಇರುತ್ತದೆ. ಕಿಲುಬು ಹಚ್ಚಿದ್ದಾದರೆ ತಗ್ಗಿನಲ್ಲಿ ಪುಡಿಪುಡಿಯಾಗಿ ಕೂತು ಹಲ್ಲುಕಡ್ಡಿಗೆ ಬಂದುಬಿಡುತ್ತದೆ. ಎಲ್ಲಕ್ಕಿಂತ ದೊಡ್ಡ ಗುರುತು ಬೇರೆ. ಸುತ್ತಿಗೆಯಿಂದ ಒಂದೊಂದಾಗಿ ಹೊಡೆದ ಕಾಸುಗಳು ಒಂದರಂತೆ ಇನ್ನೊಂದು ಇರುವುದಿಲ್ಲ. ಆ ವ್ಯಾಪಾರಿಯ ಹತ್ತಿರ ಇನ್ನೊಂದು ಆನೆ ಪೈಸೆ ಇದ್ದರೆ ಪಕ್ಕಕ್ಕಿಟ್ಟು ನೋಡಿ. ಅದೇ ಜಾಗದಲ್ಲಿ ಅದೇ ಗಾಯ, ಅಂಚಿನಲ್ಲಿ ಅದೇ ಸೀಳು ಕಂಡರೆ ಎರಡೂ ಒಂದೇ ಎರಕದಲ್ಲಿ ಹುಟ್ಟಿದವು. ಪೈಸೆಯ ತೂಕ ಸುಮಾರು 11 ಗ್ರಾಂ, ಜೋಡಿ ಪೈಸೆಯದ್ದು ಅದರ ಎರಡರಷ್ಟು.

ಸಿಂಹದ ಕಾಸು ಮುಮ್ಮಡಿ ಕೃಷ್ಣರಾಜ ಒಡೆಯರದ್ದು. ನನಗೆ ಅದೆಂದರೆ ವಿಶೇಷ ಪ್ರೀತಿ. ಸಿಂಹದ ಕಡೆ ‘ಶ್ರೀ ಚಾಮುಂಡಿ’ ಎಂದು ಕನ್ನಡದಲ್ಲೇ ಇದೆ. ಇನ್ನೊಂದು ಕಡೆ ನಡುವೆ ‘ಕೃಷ್ಣ’, ಸುತ್ತ ‘ಮಯಿಲಿ ಕಾಸು’ ಎಂದು ಬೆಲೆ, ಜೊತೆಗೆ ಇಂಗ್ಲಿಷ್ ಮತ್ತು ಫಾರಸಿ. ಮೂರು ಭಾಷೆಯೂ ಒಂದು ಪುಟ್ಟ ತಾಮ್ರದ ಮೇಲೆ! ಇದನ್ನು ಓದಲು ಬೇರೆಯವರ ಸಹಾಯ ಬೇಕಾಗಿಲ್ಲ. ಬೆಲೆಯನ್ನು ಕನ್ನಡ ಅಂಕಿಯಲ್ಲೂ ಇಂಗ್ಲಿಷ್ ಕಡೆ ರೋಮನ್ ಅಂಕಿಯಲ್ಲೂ ಬರೆದಿರುತ್ತಾರೆ. ಎರಡೂ ಒಂದೇ ಬೆಲೆ ಹೇಳುತ್ತವೆಯೇ ಎಂದು ಮೊದಲು ನೋಡಿ. ನೀವು ಕಳಿಸಿದ ಫೋಟೊದಲ್ಲಿ ಸಿಂಹದ ಕೆಳಗಿನ ಇಸವಿ ಬೆಳಕಿನಲ್ಲಿ ಅಳಿಸಿಹೋಗಿದೆ. ಕಿಟಕಿಯ ಪಕ್ಕ ಇಟ್ಟು, ಬೆಳಕು ಓರೆಯಾಗಿ ಬೀಳುವ ಹಾಗೆ ಇನ್ನೊಮ್ಮೆ ತೆಗೆದು, ತೂಕದ ಜೊತೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ.